ಒಂಬತ್ತನೆಯ ದಿನದ ಎಚ್ಚರ

ಕೊರೊನಾ ಬಂದು ಹೋಗಿ ವರ್ಷಗಳಾದವು, ಇನ್ನೂ ಅದರ ಮಾತೇಕೆ ಎಂದು ಓದುಗರು ಕೇಳಬಹುದು. ಕೇಳುವುದು ಸಹಜವೇ. ಆದರೆ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಗೆ ಲಗ್ನಕ್ಕೋ ಪುಣ್ಯಸ್ಮರಣೆಗೋ ಹೋದಾಗಲೆಲ್ಲ ನಮಗೆ ಒಂದಲ್ಲ ಒಂದು ಮನೆಯಲ್ಲಿ ಅದೇ ಪ್ರಶ್ನೆ ಎದುರಾಗುತ್ತದೆ. ಗೋಡೆಯ ಮೇಲಿನ ಭಾವಚಿತ್ರವನ್ನು ತೋರಿಸಿ ಮನೆಯ ತಾಯಿ ಕೇಳುತ್ತಾರೆ: "ರವಿವಾರ ಆರಾಮ ಆಗಿದ್ರರಿ, ಜ್ವರಾನೂ ಬಿಟ್ಟಿತ್ತು. ಬುಧವಾರ ಅನ್ನೂದರಾಗ ಹೋಗೇ ಬಿಟ್ರು. ನಾವ ತಡಾ ಮಾಡಿದಿವೇನ್ರಿ?"

ಈ ಪ್ರಶ್ನೆಗೆ ಸಮಾಧಾನದ ಮಾತು ಹೇಳಿ ಎದ್ದು ಬರುವುದು ಸುಲಭ. ಆದರೆ ಆ ತಾಯಿ ಕೇಳುತ್ತಿರುವುದು ಸಮಾಧಾನವನ್ನಲ್ಲ, ಕಾರಣವನ್ನು. ರವಿವಾರ ಆರಾಮವಾಗಿ ಕಂಡ ಮನುಷ್ಯ ಬುಧವಾರ ಹೇಗೆ ಹೋದರು? ಇದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿದೆ. ಆ ಉತ್ತರವನ್ನು ಅಂದಿನ ಗದ್ದಲದಲ್ಲಿ ಯಾರೂ ನಮ್ಮ ಮನೆಗಳಿಗೆ ಸಾವಧಾನವಾಗಿ ತಿಳಿಸಲಿಲ್ಲ. ಅದನ್ನೇ ಇಲ್ಲಿ ಬರೆಯಲು ಉದ್ದೇಶಿಸಿದ್ದೇವೆ.

ಭಾರತದಲ್ಲಿ ಈ ಸೋಂಕು ಮೊದಲು ಖಚಿತವಾದುದು 2020ರ ಜನವರಿ 30ರಂದು, ಕೇರಳದಲ್ಲಿ. ದೇಶದ ಮೊದಲ ಸಾವು ಮಾತ್ರ ನಮ್ಮ ಕಲಬುರಗಿಯದು. ವಿದೇಶಯಾತ್ರೆಯಿಂದ ಮರಳಿದ್ದ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಅದು ಕೊರೊನಾ ಎಂದು ಖಚಿತವಾದುದು ಎರಡು ದಿನಗಳ ತರುವಾಯ. ಏಪ್ರಿಲ್ ಮೊದಲ ವಾರದಲ್ಲಿ ಬಾಗಲಕೋಟೆಯಲ್ಲಿ ವೃದ್ಧರೊಬ್ಬರ ಸಾವಾಯಿತು. ಅದೇ ತಿಂಗಳಲ್ಲಿ ರೋಗ ಮುಧೋಳಕ್ಕೂ ಕಾಲಿಟ್ಟಿತು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕಥೆಯನ್ನು ಅಜ್ಜ-ಅಜ್ಜಿಯರಿಂದ ಕೇಳಿದ್ದ ನಮ್ಮ ಜನ ತಾವೇ ಅಂಥದೊಂದು ದಿನವನ್ನು ಕಾಣುವೆವೆಂದು ಭಾವಿಸಿರಲಿಲ್ಲ.

ನಾವು ಹತ್ತಿರದಿಂದ ಬಲ್ಲ ಒಂದು ಮನೆಯಿದೆ. ಮುಧೋಳ ತಾಲೂಕಿನಲ್ಲಿ, ಘಟಪ್ರಭೆಯ ನೀರಿಗೆ ಕಬ್ಬು ಬೆಳೆಯುವ ಕೂಡುಕುಟುಂಬ. ಹೆಸರು ಬೇಡ. ಅಣ್ಣನಿಗೆ 58 ವರ್ಷ, ಸಕ್ಕರೆ ಕಾಯಿಲೆಯುಂಟು. ತಮ್ಮನಿಗೆ 46. ಎಂಬತ್ತರ ಸಮೀಪದ ತಾಯಿ, ಸೊಸೆಯಂದಿರು, ಮಕ್ಕಳು. 2021ರ ಏಪ್ರಿಲ್ ಮೂರನೆಯ ವಾರ ಅಣ್ಣ ಬೀಗರ ಮನೆಯ ಲಗ್ನಕ್ಕೆ ಹೋಗಿಬಂದರು. ಈ ರೋಗದ ನಡೆಯನ್ನು ವಿವರಿಸಲು ಆ ಮನೆಯೊಂದೇ ಸಾಕು.

ಸುಳಿವು ಕೊಡದ ದಿನಗಳು

ಲಗ್ನದಿಂದ ಬಂದ ಮೇಲೆ ನಾಲ್ಕು ದಿನ ಅಣ್ಣನಿಗೆ ಏನೂ ಇರಲಿಲ್ಲ. ವೈರಾಣು ಮೂಗು-ಗಂಟಲಿನ ಒಳಪದರಕ್ಕೆ ಇಳಿದ ಮೇಲೆ ಅಲ್ಲಿಯ ಜೀವಕೋಶಗಳೊಳಗೆ ಹೊಕ್ಕು ತನ್ನಂಥವೇ ಸಾವಿರಾರು ಕಣಗಳನ್ನು ಮಾಡಿಕೊಳ್ಳುತ್ತದೆ. ಈ ಗುಪ್ತ ಅವಧಿ ಎರಡರಿಂದ ಹದಿನಾಲ್ಕು ದಿನ. ಅಂದಿನ ತಳಿಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ದಿನ. ಗಮನಿಸಬೇಕಾದ ಸಂಗತಿಯೆಂದರೆ, ಜ್ವರ ಬರುವುದಕ್ಕೆ ಒಂದೆರಡು ದಿನ ಮೊದಲೇ ರೋಗಿಯ ಉಸಿರಿನಿಂದ ಸೋಂಕು ಹೊರಬೀಳತೊಡಗುತ್ತದೆ. ಒಂದೇ ಪಡಸಾಲೆಯಲ್ಲಿ ಕುಳಿತು ಊಟ ಮಾಡಿದ ತಮ್ಮನಿಗೆ, ಅಣ್ಣನಿಗೆ ಜ್ವರ ಕಾಣುವ ಮುನ್ನವೇ ರೋಗ ದಾಟಿರಬೇಕು. ಇದರಲ್ಲಿ ಯಾರ ತಪ್ಪೂ ಇಲ್ಲ.

ಐದನೆಯ ದಿನ ಅಣ್ಣನಿಗೆ ಮೈಕೈ ನೋವು, ಸಂಜೆಗೆ ಜ್ವರ. ನಮ್ಮ ಲೆಕ್ಕದಲ್ಲಿ ಇದೇ ಮೊದಲ ದಿನ. ಪರೀಕ್ಷೆಯ ಚೀಟಿ ಕೈಗೆ ಬಂದ ದಿನವನ್ನು ಹಲವರು ಮೊದಲ ದಿನವೆಂದು ಎಣಿಸಿದರು. ಆಗ ಚೀಟಿ ಬರಲು ಮೂರು-ನಾಲ್ಕು ದಿನ ಹಿಡಿಯುತ್ತಿತ್ತಾದ್ದರಿಂದ ಅಷ್ಟು ದಿನಗಳು ಲೆಕ್ಕದಿಂದ ಜಾರಿಹೋದವು. ಈ ರೋಗದಲ್ಲಿ ದಿನ ಎಣಿಸಬೇಕಾದುದು ಮೈ ಮೊದಲು ಕೆಟ್ಟ ಹೊತ್ತಿನಿಂದ.

ಮೊದಲ ವಾರ

ಮೊದಲ ವಾರವೆಲ್ಲ ವೈರಾಣುವಿನ ವಾರ. ಜ್ವರ, ಒಣಕೆಮ್ಮು, ಗಂಟಲು ಕೆರೆತ, ತಲೆನೋವು, ಕೆಲವರಿಗೆ ಭೇದಿ, ಎಲ್ಲರಿಗೂ ಹೇಳಲಾರದಷ್ಟು ಆಯಾಸ. ಆ ಮನೆಯ ಹಿರಿಯ ಸೊಸೆಗೆ ಜ್ವರ ಬರಲೇ ಇಲ್ಲ. ಒಂದು ಮುಂಜಾನೆ ಲಿಂಗಪೂಜೆಗೆ ಕುಳಿತು ಊದಿನಕಡ್ಡಿ ಹಚ್ಚಿದರೆ ವಾಸನೆಯೇ ಇಲ್ಲ. ಅಂಗಡಿಯವನು ಹಳೆಯ ಮಾಲು ಕೊಟ್ಟಿದ್ದಾನೆಂದು ಬೈದುಕೊಂಡು ಇನ್ನೊಂದು ಹಚ್ಚಿದರು. ಮಧ್ಯಾಹ್ನ ಒಲೆಯ ಮೇಲಿನ ಪಲ್ಲೆ ಸೀದು ಕರಿಯಾದಾಗ ಅತ್ತೆ ಒಳಗಿನಿಂದ ಕೂಗಿದರು: "ಏನವಾ, ಪಲ್ಲೆ ಹೊತ್ತೇದ, ಮುಂದನ ನಿಂತೀದಿ?" ಆಗಲೇ ಅವರಿಗೆ ತಿಳಿದದ್ದು. ವಾಸನೆ ಹಿಡಿಯುವ ನರಗಳಿಗೆ ಆಸರೆಯಾಗಿ ಮೂಗಿನ ಮೇಲ್ಭಾಗದಲ್ಲಿರುವ ಕೋಶಗಳನ್ನು ವೈರಾಣು ಕೆಡಿಸುವುದರಿಂದ ಹೀಗಾಗುತ್ತದೆ. ನರಗಳು ಬಹುಮಟ್ಟಿಗೆ ಉಳಿಯುವುದರಿಂದ ವಾಸನೆಯ ಶಕ್ತಿ ಹೆಚ್ಚಿನವರಿಗೆ ಮರಳಿ ಬರುತ್ತದೆ.

ಇಷ್ಟರಲ್ಲಿಯೇ ಹೆಚ್ಚಿನವರ ರೋಗ ಮುಗಿದುಹೋಗುತ್ತದೆ. 2020ರ ಆರಂಭದಲ್ಲಿ ಚೀನ ದೇಶದಲ್ಲಿ ಕಂಡ ಲೆಕ್ಕದಂತೆ ನೂರು ರೋಗಿಗಳಲ್ಲಿ ಸುಮಾರು 80 ಮಂದಿಗೆ ಸೌಮ್ಯ ರೋಗ, 14 ಮಂದಿಗೆ ತೀವ್ರ, 5 ಮಂದಿಗೆ ಪ್ರಾಣಾಂತಿಕ ಸ್ಥಿತಿ. ಆ ಎಂಬತ್ತರಲ್ಲಿ ಸೇರಿದವರಿಗೆ ವಿಶ್ರಾಂತಿ, ನೀರು, ಗಂಜಿ, ಜ್ವರದ ಗುಳಿಗೆಯೇ ಸಾಕಾಯಿತು. ಕಷಾಯ ಕುಡಿದು ಗುಣವಾದೆವೆಂದು ಹೇಳಿದವರೆಲ್ಲ ಈ ಎಂಬತ್ತರವರೇ. ಕಷಾಯ ಗಂಟಲಿಗೆ ಹಿತವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ನಂಬಿ ಉಳಿದ ಇಪ್ಪತ್ತರವರು ಮನೆಯಲ್ಲಿ ಕುಳಿತದ್ದು ಬಹಳ ತುಟ್ಟಿಯಾಯಿತು.

ಆ ತುಟ್ಟಿಯ ಲೆಕ್ಕ ಮೊದಲ ವಾರ ಯಾರಿಗೂ ತೋರುವುದಿಲ್ಲ. ಎಂಬತ್ತರವನೂ ಇಪ್ಪತ್ತರವನೂ ಆಗ ಒಂದೇ ರೀತಿ ನರಳುತ್ತಿರುತ್ತಾರೆ.

ಜ್ವರ ಬಿಟ್ಟ ಮೇಲೆ

ಆರನೆಯ ದಿನ ಅಣ್ಣನ ಜ್ವರ ಇಳಿಯಿತು. ಮನೆಯಲ್ಲಿ ಹಬ್ಬದ ಕಳೆ. ಅಣ್ಣ ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆ ಮುಗಿಸಿ, ಅರ್ಧ ರೊಟ್ಟಿ ಉಂಡರು. ಮರುರಾತ್ರಿ ಕರೆಂಟು ಬಂದ ಹೊತ್ತಿಗೆ ಮೋಟಾರು ಹಚ್ಚಿ ಕಬ್ಬಿಗೆ ನೀರು ಹಾಯಿಸಲು ಹೋದರು. ಎಂಟನೆಯ ದಿನ ಸುಸ್ತು ಎಂದು ಮಲಗಿದರು. ರಾತ್ರಿಯ ನಿದ್ದೆಗೆಟ್ಟುದರಿಂದ ಹೀಗೆ ಎಂದು ಎಲ್ಲರೂ ತಿಳಿದರು. ಒಂಬತ್ತನೆಯ ದಿನ ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆ ತಮ್ಮ ಬಳಿಯಿದ್ದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿದರು. ಆರೋಗ್ಯವಂತರಲ್ಲಿ 95ಕ್ಕಿಂತ ಕಡಿಮೆಯಾಗದ ಅಂಕ ಅಲ್ಲಿ 82 ಎಂದಿತ್ತು. ಆಕೆ ಯಂತ್ರವನ್ನು ಒರೆಸಿ ಬೇರೆ ಬೆರಳಿಗೆ ಹಾಕಿ ನೋಡಿದರು. ಮತ್ತೆ ಅದೇ. ಅಣ್ಣ ಮಾತ್ರ ಮಂಚದ ಮೇಲೆ ಕುಳಿತು, "ಯಾಕ ಹಂಗ ನೋಡಾಕತ್ತೀರಿ, ನನಗೇನೂ ಆಗಿಲ್ಲ" ಎಂದು ನಗುತ್ತಿದ್ದರು.

ಈ ನಗುವನ್ನೇ ನಾವು ಓದುಗರಿಗೆ ವಿವರಿಸಬೇಕಾಗಿದೆ.

ಎರಡನೆಯ ವಾರದ ಆರಂಭದಲ್ಲಿ ವೈರಾಣುಗಳ ಸಂಖ್ಯೆ ಇಳಿಯುತ್ತಿರುತ್ತದೆ. ಜ್ವರ ಬಿಡುವುದೂ ಅದಕ್ಕೇ ಇರಬಹುದು. ಆದರೆ ಅದೇ ಹೊತ್ತಿಗೆ ಕೆಲವರಲ್ಲಿ ದೇಹದ ರಕ್ಷಣಾಪಡೆ ಹತೋಟಿ ಮೀರುತ್ತದೆ. ಕಬ್ಬಿನ ಹೊಲಕ್ಕೆ ನುಗ್ಗಿದ ಹಂದಿಯನ್ನು ಅಟ್ಟಲು ಹೋದ ಜನರೇ ಬೆಳೆಯನ್ನು ತುಳಿದುಹಾಕಿದಂತೆ, ವೈರಾಣುವನ್ನು ಕೊಲ್ಲಲು ಬಂದ ಪಡೆ ಶ್ವಾಸಕೋಶವನ್ನೇ ಉರಿಸತೊಡಗುತ್ತದೆ. ಗಾಳಿ ತುಂಬಬೇಕಾದ ಸಣ್ಣ ಸಣ್ಣ ಚೀಲಗಳ ಗೋಡೆ ಬಾತು, ಒಳಗೆ ದ್ರವ ಜಿನುಗುತ್ತದೆ. ಕ್ಷ-ಕಿರಣ, ಸ್ಕ್ಯಾನ್ ಚಿತ್ರಗಳಲ್ಲಿ ಶ್ವಾಸಕೋಶದ ಅಂಚುಗಳಲ್ಲಿ ಮಂಜು ಕವಿದಂತೆ ಕಾಣುತ್ತದೆ. ಜೊತೆಗೆ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚಿ ಸೂಕ್ಷ್ಮ ನಾಳಗಳು ಮುಚ್ಚುತ್ತವೆ. ಹೀಗಾಗಿ ಉಸಿರು ಒಳಗೆ ಹೋದರೂ ಆಮ್ಲಜನಕ ರಕ್ತಕ್ಕೆ ಇಳಿಯುವುದಿಲ್ಲ.

ಹಾಗಿದ್ದರೆ ರೋಗಿಗೆ ದಮ್ಮು ಏಕೆ ಹತ್ತುವುದಿಲ್ಲ? ನಮಗೆ ಉಸಿರು ಕಟ್ಟಿದಂತೆ ಆಗುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡು ಒಳಗೆ ಉಳಿದಾಗ. ಈ ರೋಗದ ಆರಂಭದ ಘಟ್ಟದಲ್ಲಿ ಅದು ಸಲೀಸಾಗಿ ಹೊರಹೋಗುತ್ತಿರುತ್ತದೆ. ಆಮ್ಲಜನಕ ಕುಸಿದರೂ ಮೆದುಳಿಗೆ ಬಲವಾದ ಎಚ್ಚರಿಕೆ ಮುಟ್ಟುವುದಿಲ್ಲ. ಮನುಷ್ಯ ಮಾತಾಡುತ್ತಾನೆ, ನಗುತ್ತಾನೆ, ಚಹಾ ಕೇಳುತ್ತಾನೆ. ಉಸಿರು ತುಸು ಬೇಗ ಬೇಗ ಆಡುತ್ತಿರುವುದನ್ನು ಮನೆಯವರು ಗಮನಿಸುವುದಿಲ್ಲ. ದಮ್ಮು ಹತ್ತಿತೆಂದು ಆತ ಹೇಳುವ ಹೊತ್ತಿಗೆ ಶ್ವಾಸಕೋಶದ ಬಹುಭಾಗ ಸೋತಿರುತ್ತದೆ.

ಬೆಳಗಾವಿಯ ಸಂಸದರೂ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರನ್ನು ನಮ್ಮ ಸಮಾಜ ಮರೆತಿಲ್ಲ. 2020ರ ಸೆಪ್ಟೆಂಬರ್ 11ರಂದು ಅವರು ತಮಗೆ ಸೋಂಕು ತಗಲಿದೆಯೆಂದೂ ಆರೋಗ್ಯವಾಗಿರುವೆನೆಂದೂ ತಾವೇ ತಿಳಿಸಿದ್ದರು. 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಲಿಂಗೈಕ್ಯರಾದರು. ನಡುವೆ ಹನ್ನೆರಡು ದಿನ. ದೇಶದ ದೊಡ್ಡ ಆಸ್ಪತ್ರೆ ಕೈಯಳತೆಯಲ್ಲಿದ್ದವರಿಗೂ ಹೀಗಾಯಿತೆಂಬುದನ್ನು, ತಮ್ಮನ್ನು ತಾವೇ ದೂಷಿಸಿಕೊಳ್ಳುತ್ತಿರುವ ತಾಯಂದಿರು ದಯವಿಟ್ಟು ಗಮನಿಸಬೇಕು. ಅವರ ಪಾರ್ಥಿವ ಶರೀರ ಊರಿಗೆ ಬರಲಿಲ್ಲ, ದೆಹಲಿಯಲ್ಲಿಯೇ ಸಮಾಧಿಯಾಯಿತು. ಆ ಎರಡು ವರ್ಷಗಳಲ್ಲಿ ಮಗನ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳದೆ ಮಣ್ಣಿಗೆ ಹೋದವರು ನಮ್ಮಲ್ಲಿ ಎಷ್ಟು ಜನ!

ಅಣ್ಣನನ್ನು ಒಂಬತ್ತನೆಯ ದಿನ ಮಧ್ಯಾಹ್ನವೇ ವಾಹನ ಮಾಡಿ ಕರೆದೊಯ್ದರು. ಮೇ ತಿಂಗಳ ಆರಂಭ. ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದೇ ದಿನದಲ್ಲಿ 24 ಮಂದಿ ತೀರಿಕೊಂಡು, ಆಮ್ಲಜನಕದ ಕೊರತೆಯ ಸುದ್ದಿ ನಾಡನ್ನೆಲ್ಲ ನಡುಗಿಸಿದ ವಾರವದು. ಎರಡು ಕಡೆ ಹಾಸಿಗೆ ಇಲ್ಲವೆಂದರು. ಮೂರನೆಯ ಕಡೆ ರಾತ್ರಿ ಸಿಕ್ಕಿತು. ಹದಿನಾಲ್ಕನೆಯ ದಿನ ಅವರು ಲಿಂಗೈಕ್ಯರಾದರು.

ತಮ್ಮನ ವಹಿ

ತಮ್ಮನಿಗೆ ಜ್ವರ ಬಂದದ್ದು ಅಣ್ಣನಿಗಿಂತ ಐದು ದಿನ ತಡವಾಗಿ. ಅಣ್ಣನ ಬೆರಳಿನ ಮೇಲೆ 82 ಕಂಡ ದಿನ ತಮ್ಮನದು ನಾಲ್ಕನೆಯ ದಿನ. ಆ ರಾತ್ರಿಯೇ ಅವರ ಮಗಳು, ಕಾಲೇಜು ಓದುವ ಹುಡುಗಿ, ಶಾಲೆಯ ಹಳೆಯ ವಹಿಯೊಂದರಲ್ಲಿ ಗೆರೆ ಎಳೆದು ಬರೆಯತೊಡಗಿದಳು: ಎಷ್ಟನೆಯ ದಿನ, ಜ್ವರ ಎಷ್ಟು, ಆಮ್ಲಜನಕ ಎಷ್ಟು. ದಿನಕ್ಕೆ ನಾಲ್ಕು ಸಲ. ಆ ವಹಿಯನ್ನು ನಾವು ನೋಡಿದ್ದೇವೆ. ಐದನೆಯ ದಿನ 97, 96. ಆರನೆಯ ದಿನ 96, 96, 95. ಏಳನೆಯ ದಿನ ಸಂಜೆ 95. ಅದರ ಪಕ್ಕದಲ್ಲಿ "ನಡೆದ ಮ್ಯಾಲೆ 91" ಎಂದಿದೆ.

ಈ ಕೊನೆಯ ಸಾಲು ಬಹಳ ಬೆಲೆಯುಳ್ಳದ್ದು. ರೋಗಿಯನ್ನು ಕೋಣೆಯಲ್ಲಿಯೇ ಆರು ನಿಮಿಷ ನಡೆಸಿ ಮತ್ತೆ ನೋಡಬೇಕೆಂದು ಅಂದು ವೈದ್ಯರು ಹೇಳುತ್ತಿದ್ದರು. ಕುಳಿತಾಗ ಸರಿಯಿದ್ದು, ನಡೆದಾಗ ಮೂರು ಅಂಕಕ್ಕಿಂತ ಹೆಚ್ಚು ಇಳಿದರೆ ಅಥವಾ 94ಕ್ಕಿಂತ ಕೆಳಗೆ ಬಂದರೆ ಶ್ವಾಸಕೋಶ ಸೋಲತೊಡಗಿದೆಯೆಂದು ಅರ್ಥ. ಯಂತ್ರ ಹಾಕುವಾಗ ಬೆರಳು ಬೆಚ್ಚಗಿರಬೇಕು, ಉಗುರಿಗೆ ಬಣ್ಣವಿರಬಾರದು, ಅಂಕ ನಿಲ್ಲುವವರೆಗೆ ಒಂದು ನಿಮಿಷ ತಾಳಬೇಕು. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಒಂದೆರಡು ಅಂಕ ಹೆಚ್ಚು ತೋರಿಸುವುದುಂಟೆಂದು ಈಚಿನ ಅಧ್ಯಯನಗಳು ತಿಳಿಸಿವೆ. ಆದ್ದರಿಂದ ಒಂದು ಅಂಕಕ್ಕಿಂತ ದಿನದಿಂದ ದಿನಕ್ಕೆ ಅದು ಇಳಿಯುತ್ತಿದೆಯೇ ಎಂಬುದನ್ನು ನೋಡುವುದೇ ಲೇಸು.

ಎಂಟನೆಯ ದಿನ ಮುಂಜಾನೆ ಕುಳಿತಲ್ಲಿಯೇ 92 ಆಯಿತು. ಕೂಡಲೇ ಆಸ್ಪತ್ರೆಗೆ ಒಯ್ದರು. ಅಲ್ಲಿ ನಡೆದ ಚಿಕಿತ್ಸೆಯನ್ನು ಕೇಳಿದರೆ ಓದುಗರಿಗೆ ನಿರಾಸೆಯಾದೀತು, ಅಷ್ಟು ಸರಳ. ಮುಖವಾಡದ ಮೂಲಕ ಆಮ್ಲಜನಕ. ಬೋರಲು ಮಲಗಿಸುವುದು, ಹಾಗೆ ಮಲಗಿದರೆ ಬೆನ್ನಿನ ಕಡೆಯ ಶ್ವಾಸಕೋಶ ತೆರೆದುಕೊಂಡು ಅಂಕ ಏರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು. ಮತ್ತೆ ಡೆಕ್ಸಾಮೆಥಾಸೋನ್ ಎಂಬ, ದಶಕಗಳಿಂದ ಬಳಕೆಯಲ್ಲಿರುವ, ಕೆಲವೇ ರೂಪಾಯಿಗಳ ಸ್ಟಿರಾಯ್ಡ್. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ವೈದ್ಯರು ದೊಡ್ಡ ಪ್ರಯೋಗದಿಂದ ಕಂಡುಕೊಂಡಂತೆ, ವೆಂಟಿಲೇಟರ್ ಮೇಲಿದ್ದವರ ಸಾವುಗಳನ್ನು ಇದು ಸುಮಾರು ಮೂರನೆಯ ಒಂದು ಭಾಗದಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವುಗಳನ್ನು ಐದನೆಯ ಒಂದು ಭಾಗದಷ್ಟು ತಗ್ಗಿಸಿತು. ಅದೇ ಪ್ರಯೋಗ ಇನ್ನೊಂದನ್ನೂ ಹೇಳಿತು: ಆಮ್ಲಜನಕ ಬೇಡದ ರೋಗಿಗಳಿಗೆ ಇದರಿಂದ ಲಾಭವಿಲ್ಲ, ಹಾನಿಯಾದರೂ ಆದೀತು. ಏಕೆಂದರೆ ವೈರಾಣು ಇನ್ನೂ ಬೆಳೆಯುತ್ತಿರುವ ಮೊದಲ ವಾರದಲ್ಲಿ ಕೊಟ್ಟರೆ ಅದು ನಮ್ಮ ರಕ್ಷಣಾಪಡೆಯ ಕೈಯನ್ನೇ ಕಟ್ಟಿಹಾಕುತ್ತದೆ. ಒಂದೇ ಔಷಧ, ಎಂಟನೆಯ ದಿನ ಉಸಿರು ಇಳಿದವನಿಗೆ ಅಮೃತ, ಎರಡನೆಯ ದಿನ ಬರಿಯ ಜ್ವರವಿದ್ದವನಿಗೆ ವಿಷ. 2021ರಲ್ಲಿ ಊರೂರುಗಳಲ್ಲಿ ಜ್ವರ ಬಂದ ಮೊದಲ ದಿನವೇ ಇದನ್ನು ನುಂಗಿದವರು ಬಹಳ. ಸಕ್ಕರೆ ಏರಿ, ಅದರ ಬೆನ್ನಿಗೆ ಕಪ್ಪು ಶಿಲೀಂಧ್ರ ಅಂಟಿ ಕಣ್ಣು-ದವಡೆ ಕಳೆದುಕೊಂಡವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯವರೇ ಆಗಿದ್ದರು.

ರೆಮ್‌ಡೆಸಿವಿರ್ ಚುಚ್ಚುಮದ್ದಿಗಾಗಿ ಹೊಲ ಅಡವಿಟ್ಟವರನ್ನು ನಾವು ಬಲ್ಲೆವು. ಅದರಿಂದ ಆಗುವ ಉಪಕಾರ ಅಷ್ಟು ದೊಡ್ಡದಲ್ಲ. ಪ್ಲಾಸ್ಮಾ ಚಿಕಿತ್ಸೆಯನ್ನಂತೂ 2021ರ ಮೇ ತಿಂಗಳಲ್ಲಿ ಸರಕಾರದ ಸೂಚಿಯಿಂದಲೇ ತೆಗೆದುಹಾಕಲಾಯಿತು. ಆ ಹೊಲಗಳು ಮಾತ್ರ ಇನ್ನೂ ಬಿಡಿಸಿಕೊಂಡಿಲ್ಲ.

ತಮ್ಮನಿಗೆ ಆರು ದಿನ ಆಮ್ಲಜನಕ ಬೇಕಾಯಿತು. ಅವರು ಆಸ್ಪತ್ರೆ ಸೇರಿದ ಮರುದಿನವೇ ಅಣ್ಣ ತೀರಿಕೊಂಡಿದ್ದರು. ಯಾರೂ ಹೇಳಲಿಲ್ಲ. ಮೇ 13ರಂದು, ಬಸವ ಜಯಂತಿಯ ಹಿಂದಿನ ದಿನ, ಮನೆಯ ಕಟ್ಟೆಯೇರಿದಾಗ ತಾಯಿಯ ಮುಖ ನೋಡಿ ಅವರೇ ತಿಳಿದುಕೊಂಡರು. ಮಾರ್ಚಿಯಲ್ಲಿ ಒಂದು ಲಸಿಕೆ ಹಾಕಿಸಿಕೊಂಡಿದ್ದ ಆ ತಾಯಿಗೂ ಸೋಂಕು ತಗಲಿತ್ತು. ಮೂರು ದಿನದ ನೆಗಡಿಯಲ್ಲಿ ಮುಗಿಯಿತು.

ಚೇತರಿಕೆಯ ತಿಂಗಳುಗಳು

ಮನೆಗೆ ಬಂದುದೇ ಗುಣವಾದುದಲ್ಲ. ಸೌಮ್ಯ ರೋಗ ಎರಡು ವಾರದಲ್ಲಿ ಮುಗಿದರೆ, ತೀವ್ರ ರೋಗದಿಂದ ಏಳಲು ಮೂರರಿಂದ ಆರು ವಾರ ಬೇಕು. ಹಲವರಿಗೆ ಇನ್ನೂ ಹೆಚ್ಚು. ತಮ್ಮ ಮೊದಲ ವಾರ ಮಂಚದಿಂದ ಬಚ್ಚಲಿಗೆ ಹೋಗಿಬಂದರೆ ಕುಳಿತು ದಣಿವಾರಿಸಿಕೊಳ್ಳಬೇಕಾಗುತ್ತಿತ್ತು. ಕಾರಹುಣ್ಣಿಮೆಯ ಹೊತ್ತಿಗೆ ಅಂಗಳದ ತುದಿಯವರೆಗೆ, ನಾಗರ ಪಂಚಮಿಯ ಹೊತ್ತಿಗೆ ಹೊಲದವರೆಗೆ. ಇಂದು ನಡೆದಷ್ಟಕ್ಕೆ ನಾಳೆ ದಣಿವು ಹೆಚ್ಚಾದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು, ಹಟ ಮಾಡಬಾರದು ಎಂದು ವೈದ್ಯರು ಹೇಳಿದ್ದರು. ಬೇಳೆ, ಹಾಲು, ಮೊಳಕೆ ಕಾಳುಗಳ ಊಟ ಕರಗಿದ ಮಾಂಸಖಂಡವನ್ನು ಮತ್ತೆ ಕಟ್ಟುತ್ತದೆ. ಎದೆನೋವು, ಕಾಲಿನ ಬಾವು, ಹೊಸದಾಗಿ ಉಬ್ಬಸ ಕಂಡರೆ ರಕ್ತದ ಹೆಪ್ಪಿನ ಶಂಕೆಯಿಂದ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ರೋಗ ಬಂದು ಮೂರು ತಿಂಗಳಾದ ಮೇಲೂ ದಣಿವು, ಮರೆವು, ಉಬ್ಬಸ ಉಳಿದುಕೊಂಡರೆ ಅದನ್ನು ದೀರ್ಘ ಕೋವಿಡ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೆಸರಿಸಿದೆ. "ಆಳ್ಗಳ್ಳ ಆಗ್ಯಾನ" ಎಂದು ಹೀಯಾಳಿಸಿದ ಮನೆಗಳೂ ಇದ್ದವು, ಅದು ಸೋಮಾರಿತನವಾಗಿರಲಿಲ್ಲ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕು. ಸೌಮ್ಯ ರೋಗವಿದ್ದವರಿಂದ ಸಾಮಾನ್ಯವಾಗಿ ಹತ್ತು ದಿನಗಳ ತರುವಾಯ ಸೋಂಕು ಹರಡುವುದಿಲ್ಲ. ಪರೀಕ್ಷೆಯಲ್ಲಿ ವಾರಗಟ್ಟಲೆ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಸತ್ತ ವೈರಾಣುವಿನ ಚೂರುಗಳು. ಇದನ್ನರಿಯದೆ ಗುಣವಾಗಿ ಬಂದವರಿಗೆ ತಿಂಗಳವರೆಗೆ ಹಾಲು ಕೊಡಲಿಲ್ಲ, ಗಿರಣಿಯಲ್ಲಿ ಜೋಳ ಬೀಸಿ ಕೊಡಲಿಲ್ಲ. ದಾಸೋಹವನ್ನು ಧರ್ಮವೆಂದು ತಿಳಿದ ನಾವೂ ಆ ಬಾಗಿಲು ಮುಚ್ಚಿದವರ ಸಾಲಿನಲ್ಲಿದ್ದೆವು.

2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ದೇಶದಲ್ಲಿಯೇ ಮೊದಲಾಗಿ ಗುರುತಿಸಲ್ಪಟ್ಟ ಓಮಿಕ್ರಾನ್ ತಳಿಯ ತರುವಾಯ ರೋಗದ ನಡೆ ಬದಲಾಗಿದೆ. ಗುಪ್ತ ಅವಧಿ ಮೂರು ದಿನಕ್ಕೆ ಇಳಿದಿದೆ, ವಾಸನೆ ಹೋಗುವುದು ಕಡಿಮೆ, ಶ್ವಾಸಕೋಶಕ್ಕಿಂತ ಗಂಟಲಿನಲ್ಲಿಯೇ ಹೆಚ್ಚು ನಿಲ್ಲುತ್ತದೆ. ಲಸಿಕೆಯಿಂದಲೂ ಹಿಂದಿನ ಸೋಂಕಿನಿಂದಲೂ ನಮ್ಮ ಮೈ ಅದನ್ನು ಗುರುತಿಸಲು ಕಲಿತಿದೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿಯ ಘೋಷಣೆಯನ್ನು ಹಿಂತೆಗೆದುಕೊಂಡಿತು. ಆದರೆ ವೈರಾಣು ಹೋಗಿಲ್ಲ. ಎಪ್ಪತ್ತು ದಾಟಿದವರು, ಸಕ್ಕರೆ, ಮೂತ್ರಪಿಂಡ, ಹೃದಯದ ಕಾಯಿಲೆಯವರು ಮನೆಯಲ್ಲಿದ್ದು ಅವರಿಗೆ ಕೊರೊನಾ ಎಂದು ತಿಳಿದರೆ, ಜ್ವರ ಬಿಟ್ಟ ಮೇಲೂ ಎರಡನೆಯ ವಾರ ಮುಗಿಯುವವರೆಗೆ ದಿನ ಎಣಿಸುತ್ತಿರಬೇಕು.

ಹಿರಿಯ ಸೊಸೆಗೆ ವಾಸನೆ ಮರಳಿತು, ಆದರೆ ತಿರುಚಿಕೊಂಡು. ಉಳ್ಳಾಗಡ್ಡಿಯ ಒಗ್ಗರಣೆ ಹಾಕಿದರೆ ರಬ್ಬರು ಸುಟ್ಟಂತೆ ನಾರುತ್ತಿತ್ತು. ನರಗಳು ಮತ್ತೆ ಕೂಡಿಕೊಳ್ಳುವಾಗ ಹಲವರಿಗೆ ಹೀಗಾಗುತ್ತದೆಂದೂ ಕಾಯಬೇಕೆಂದೂ ವೈದ್ಯರು ತಿಳಿಸಿದರು. ಆರು ತಿಂಗಳು ಆಕೆ ಅಡುಗೆಮನೆಗೆ ಮೂಗು ಕಟ್ಟಿಕೊಂಡೇ ಹೋದರು. ಆ ವರ್ಷದ ದೀಪಾವಳಿಯ ಮುಂಜಾನೆ ಪತಿಯ ಭಾವಚಿತ್ರದ ಮುಂದೆ ಊದಿನಕಡ್ಡಿ ಹಚ್ಚಿ, ಒಂದು ಗಳಿಗೆ ಸುಮ್ಮನೆ ನಿಂತು, ಒಳಗಿದ್ದ ಮೈದುನನನ್ನು ಕರೆದು, "ವಾಸನಿ ಬರಾಕತ್ತೇತಿ ನೋಡಪಾ" ಎಂದರಂತೆ.